ಜ್ವರಕ್ಕೆ ಕಾದ ಲಾಲಮ್ಮ

ಶಹಾಬಾದದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಅಡ್ಡೆಯಲ್ಲಿ ಲಾಲಮ್ಮನಿಗೆ ಹೆದರದವರಿಲ್ಲ. ಲಾರಿ ಡ್ರೈವರುಗಳ ಬಾಯಿ ಮುಚ್ಚಿಸುವ ಹೆಂಗಸು. ಕಲ್ಲು ಆರಿಸುವುದರಲ್ಲಂತೂ ಪಳಗಿದ ಕೈ. ಬೆರಳ ಗೆಣ್ಣಿನಿಂದ ಫರಸಿಗೆ ಕುಟ್ಟಿ ಕಿವಿಗೊಡುತ್ತಾಳೆ. ಠಣ್ ಎಂದರೆ ಗಟ್ಟಿ. ಸಪ್ಪಳ ಬರದಿದ್ದರೆ ಒಳಗೆಲ್ಲೋ ಸೀಳಿದೆ, ಪಕ್ಕಕ್ಕಿಡು. ಇಂಥ ಗಟ್ಟಿಗಿತ್ತಿ ಹೆದರುತ್ತಿದ್ದುದು ಜ್ವರವೊಂದಕ್ಕೇ. ಚೊಚ್ಚಲ ಮಗಳು ಜ್ವರದಲ್ಲಿ ಸುಟ್ಟು ಸುಟ್ಟು ಅವಳ ತೊಡೆಯ ಮೇಲೇ ಹೋಗಿದ್ದಳು. ಅಂದಿನಿಂದ ಮನೆಯಲ್ಲಿ ಯಾರ ಮೈ ತುಸು ಬೆಚ್ಚಗಾದರೂ ಲಾಲಮ್ಮನ ಕೈಕಾಲು ತಣ್ಣಗಾಗುತ್ತಿದ್ದವು.

ಅದಕ್ಕೇ ಆ ಕರಿ ಪುಡಿ ಅವಳ ಪಾಲಿಗೆ ಅಮೃತ. ಸಂತೆಗೆ ಬರುವ ಔಷಧದವನೊಬ್ಬ ಅದನ್ನು ಮಂಡಿ ನೋವಿಗೆಂದು ಮಾರುತ್ತಿದ್ದ. ಅಡ್ಡೆಯ ಹೆಂಗಸರೆಲ್ಲರ ಸೆರಗಿನ ಗಂಟಿನಲ್ಲೂ ಅದರ ಪೊಟ್ಟಣ. ಎಲೆ ಅಡಿಕೆ ಹಂಚಿಕೊಂಡ ಹಾಗೆ ಹಂಚಿಕೊಂಡು ತಿನ್ನುತ್ತಿದ್ದರು. ನೋವು ಮಾಯ, ಜ್ವರ ಮಾಯ, ಹಸಿವು ಭರ್ಜರಿ. ಮುಖ ದುಂಡಗಾಯಿತೆಂದು ಲಾಲಮ್ಮ ಹಿಗ್ಗಿದ್ದೂ ಉಂಟು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎನ್ನುವ ಗಾದೆ ಕರಿ ಪುಡಿಗೂ ಸಲ್ಲುತ್ತದೆಂದು ಯಾರಿಗೆ ಹೊಳೆಯಬೇಕು!

ಕಳೆದ ಬೇಸಿಗೆಯಲ್ಲಿ ಐದು ವರ್ಷದ ಮೊಮ್ಮಗಳು ಲುಂಬಿನಿಯ ಪಾದಕ್ಕೆ ಕಲ್ಲಿನ ಚೂರು ಚುಚ್ಚಿತು. ಮರುದಿನವೇ ಮೈ ಬಿಸಿ.

"ದವಾಖಾನಿಗಿ ಒಯ್ಯಮ್ರಿ ಅತ್ತಿ," ಎಂದಳು ಸೊಸೆ ಗೌತಮಿ.

ಅವಳು ನೀರಿಗೆ ಹೋದದ್ದೇ ತಡ, ಲಾಲಮ್ಮ ಚಿಟಿಕೆ ಪುಡಿಯನ್ನು ಬೆಲ್ಲದಲ್ಲಿ ಕಲಸಿ ಕೂಸಿನ ಬಾಯಿಗಿಟ್ಟಳು. ಊಟದ ಹೊತ್ತಿಗೆ ಜ್ವರ ಇಳಿದಿತ್ತು. "ನೋಡವ್ವಾ, ಹ್ಯಾಂಗ ತಣ್ಣಗಾಗ್ಯಾಳ," ಎಂದು ಸೊಸೆಗೆ ತೋರಿಸಿದಳು. ಪುಡಿಯ ಮಾತೆತ್ತಲಿಲ್ಲ. ಮತ್ತೆ ಬಿಸಿಯಾದೀತೆಂಬ ಭಯಕ್ಕೆ ದಿನವೂ ಒಂದು ಚಿಟಿಕೆ ಕೊಡುತ್ತ ಹೋದಳು.

ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ ಹುಡುಗಿ ಏಳಲಿಲ್ಲ. ಮೈ ಸುಡುತ್ತಿರಲಿಲ್ಲ. ಗಾಯದಲ್ಲಿ ಬಾವಿಲ್ಲ, ಕೀವಿಲ್ಲ. ಪಾದ ಮಾತ್ರ ಬಾಡಿದ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅಲ್ಲಾಡಿಸಿದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡವು. ಜ್ವರವೇ ಇಲ್ಲದೆ ಕೂಸೊಂದು ಕೈಬಿಟ್ಟು ಹೋಗುವುದನ್ನು ಲಾಲಮ್ಮ ಎಂದೂ ಕಂಡಿರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರ್ ಫರಹತ ಪಾದ ಒತ್ತಿ ನೋಡಿದರು, ಥರ್ಮಾಮೀಟರ್ ಇಟ್ಟು ನೋಡಿದರು, ಹುಬ್ಬು ಗಂಟಿಕ್ಕಿದರು.

"ಗಾಯ ಇಷ್ಟು ಕೆಟ್ಟದ, ಜ್ವರ ಯಾಕಿಲ್ಲ? ಏನರೆ ಕೊಟ್ಟೀರೇನು?"

"ಏನೂ ಇಲ್ರಿ ಮೇಡಂ," ಎಂದಳು ಗೌತಮಿ. ಪಾಪ, ಅವಳಿಗೇನು ಗೊತ್ತು.

ಲಾಲಮ್ಮ ಸೆರಗಿನ ಗಂಟು ಹಿಡಿದುಕೊಂಡಳು. ಹೇಳಿದರೆ ಸೊಸೆ ಮತ್ತೆ ಮುಖ ನೋಡುವುದಿಲ್ಲ. ಹೇಳದಿದ್ದರೆ ಕೂಸು ಉಳಿಯುತ್ತದೋ ಇಲ್ಲವೋ. ಗಂಟು ಬಿಚ್ಚಿ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು.

"ನಾನೇ ಕೊಟ್ಟೀನ್ರಿ. ದಿನಾ ಕೊಟ್ಟೀನಿ."

"ಇದರಾಗ ಸ್ಟೀರಾಯ್ಡ್ ಬೆರ್ಸಿರಬೇಕು," ಎಂದರು ಡಾಕ್ಟರ್. ಬೈಯಲಿಲ್ಲ. ಸಲಾಯಿನ್ ಹಚ್ಚಿಸಿ, ಸೂಜಿ ಹಾಕಿ, ಆಮೇಲೆ ಲಾಲಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನೋಡ್ರಿ ಅಮ್ಮಾ, ನಮ್ಮ ಮೈಯಾಗ ಕಾವಲು ಕಣಗಳು ಅವ. ಅವುಕ್ಕ ಗ್ರಾಹಕ ಅಂತ ಇರ್ತಾವ, ಹುಟ್ಟಿನಿಂದ ಬಂದವು. ಬೆರಳು ಅಂತ ತಿಳ್ಕೋರಿ. ಬಂದ ಕ್ರಿಮಿದು ಹೆಸರು ಅವುಕ್ಕ ಬೇಕಿಲ್ಲ. ಅದರ ತೊಗಲು ಮುಟ್ಟಿದ್ರ ಸಾಕು, ಇದು ನಮ್ಮದಲ್ಲ ಅಂತ ಗುರ್ತ ಹಿಡೀತಾವ, ಒದರ್ತಾವ. ಆ ಒದರಾಟಕ್ಕೇ ಬಾವು ಬರ್ತದ, ಜ್ವರ ಬರ್ತದ, ಉಳಿದ ಫೌಜು ಓಡಿ ಬರ್ತದ. ಈ ಪುಡಿ ಆ ಒದರೋ ಬಾಯಾಗ ಬಟ್ಟಿ ತುರುಕ್ತದ. ಕ್ರಿಮಿ ಒಳಗ ಬೆಳೀತಾವ, ಹೊರಗ ಸಪ್ಪಳಿಲ್ಲ."

ಲಾಲಮ್ಮ ತನ್ನ ಬೆರಳ ಗೆಣ್ಣು ನೋಡಿಕೊಂಡಳು. ಜೀವಮಾನವೆಲ್ಲ ಸಪ್ಪಳ ಕೇಳಿಯೇ ಕಲ್ಲು ಆರಿಸಿದವಳು, ಸಪ್ಪಳವಿಲ್ಲದ ಕೂಸನ್ನು ಗಟ್ಟಿಯಾಗಿದೆ ಎಂದುಕೊಂಡಿದ್ದಳು.

"ಉಳೀತಾಳೇನ್ರಿ?"

"ಈಗ ಹೇಳಲಿಕ್ಕಾಗಂಗಿಲ್ಲ. ಕಾವಲು ಎಚ್ಚರಾದ್ರ ಜ್ವರ ಬರ್ತದ. ಬರ್ಲಿ ಅಂತ ಬೇಡ್ಕೋರಿ. ಮತ್ತ ನೀವೂ ಪುಡಿ ತಿಂತೀರಂತ ನಿಮ್ಮ ದುಂಡು ಮುಖಾನೇ ಹೇಳ್ತದ. ಒಮ್ಮಿಗೇ ಬಿಡಬ್ಯಾಡ್ರಿ, ಅದೂ ಜೀವಕ್ಕ ಅಪಾಯ. ನಾ ಹೇಳ್ದಂಗ ಕಡಿಮಿ ಮಾಡ್ರಿ."

ಗೌತಮಿ ಮಂಚದ ಆಚೆ ಬದಿಗೆ ಹೋಗಿ ಕುಳಿತಳು. ಬೈದಿದ್ದರೂ ಲಾಲಮ್ಮ ತಡೆದುಕೊಳ್ಳುತ್ತಿದ್ದಳು.

ಗಳಿಗೆಗೊಮ್ಮೆ ಕೂಸಿನ ಹಣೆ ಮುಟ್ಟುವುದು, ತಣ್ಣಗಿದೆಯೆಂದು ಮತ್ತೆ ಕಾಯುವುದು, ಇಷ್ಟೇ ಅವಳ ಕೆಲಸವಾಯಿತು. ಅಡ್ಡೆಯ ಗೆಳತಿ ಹಮೀದಾಬಿ ಚಹಾ ತಂದವಳು, "ಜ್ವರ ಇಲ್ಲಲ್ಲ, ಚಲೋ ಆತು ಬಿಡು," ಎಂದುಬಿಟ್ಟಳು.

"ಹಂಗನಬ್ಯಾಡ!" ಲಾಲಮ್ಮ ಕಿರುಚಿದ್ದಕ್ಕೆ ವಾರ್ಡೆಲ್ಲ ತಿರುಗಿ ನೋಡಿತು. "ನಿನ್ನ ಪುಡಿನೂ ಮೊದಲು ಡಾಕ್ಟರಿಗಿ ತೋರ್ಸು ಹೋಗು."

ಮರುದಿನ ಮಧ್ಯಾಹ್ನ ಹಣೆ ಮುಟ್ಟಿದ ಅಂಗೈ ಚುರ್ರೆಂದಿತು. ತನ್ನ ಕೈಯೇ ಬಿಸಿಯಿರಬೇಕೆಂದು ಕೆನ್ನೆಗಿಟ್ಟು ನೋಡಿಕೊಂಡಳು, ಅಲ್ಲ. ಅಷ್ಟರಲ್ಲಿ ಲುಂಬಿನಿ ಮುಖ ಕಿವುಚಿ, "ಆಯಿ, ಕಾಲು ನೋಯಲಿಕತ್ತದ," ಎಂದು ಅಜ್ಜಿಯ ಕೈ ಹಿಡಿದು ಅಳತೊಡಗಿದಳು. ಪಾದ ಕೆಂಪಗೆ ಬಾತಿತ್ತು.

"ಸುಡಲಿಕತ್ತಾಳ! ಡಾಕ್ಟರಬಾಯಿ, ಸುಡಲಿಕತ್ತಾಳ!"

ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡರು ಪಕ್ಕದ ಮಂಚದವರು. ಡಾಕ್ಟರ್ ಓಡಿ ಬಂದು ನೋಡಿ, "ಇನ್ನೂ ದಾರಿ ಭಾಳ ಅದ. ಆದ್ರ ಕಾವಲು ಎದ್ದಾವ," ಎಂದರು.

ಲಾಲಮ್ಮನ ಹೆದರಿಕೆ ಹೋಗಲಿಲ್ಲ. ಚೊಚ್ಚಲ ಮಗಳ ಹಣೆಯೂ ಹೀಗೇ ಸುಟ್ಟಿತ್ತು. ಆದರೂ ಈ ಸಲ ಅವಳು ಲುಂಬಿನಿಯ ಹಣೆಯಿಂದ ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೌತಮಿ ಮಂಚದ ಆಚೆಯಿಂದ ಬಾಗಿ, ಆ ಕೈಯ ಮೇಲೆ ತನ್ನ ಕೈ ಇಟ್ಟಳು.