ಹದಿನೈದನೆಯ ಅರ್ಜಿ

ಸುಳ್ಳು ಹೇಳುವ ಕಲೆಯಲ್ಲಿ ನಾನು ದಡ್ಡ. ಹೆಂಡತಿಗೆ ಬೆಳಿಗ್ಗೆ ಹೇಳಿದ್ದು ಸಂಜೆಯೊಳಗೆ ಸಿಕ್ಕಿಬೀಳುತ್ತದೆ. ಆದರೂ ಕಳೆದ ವರ್ಷ ಒಂದು ಸುಳ್ಳು ಹೇಳಿದೆ. ಅದು ಇನ್ನೂ ಎದೆಯ ಮೇಲಿಂದ ಇಳಿದಿಲ್ಲ.

ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಒಂದು ಕಾಲಕ್ಕೆ ನಮ್ಮ ಕ್ಲಾಸಿಗೆ ಬೆಂಚು ಸಾಲುತ್ತಿರಲಿಲ್ಲ. ಈಗ ಇತಿಹಾಸವನ್ನು ಪದವಿಯ ಮೇಜರ್ ವಿಷಯವಾಗಿ ತೆಗೆದುಕೊಳ್ಳುವವರೇ ಇಲ್ಲ, ಮೈನರ್ ಆಗಿ ಮಾತ್ರ ಉಳಿದಿದೆ. ಮೇಜರ್ ಎಂದರೆ ರೊಟ್ಟಿ, ಮೈನರ್ ಎಂದರೆ ತಾಟಿನ ಅಂಚಿನಲ್ಲಿರುವ ಶೇಂಗಾ ಚಟ್ನಿ. ಚಟ್ನಿಗೂ ಒಂದು ಮಾನವಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಪ್ರಿನ್ಸಿಪಾಲರು, ಹದಿನೈದು ಅರ್ಜಿ ಬಾರದಿದ್ದರೆ ಅದೂ ಬಂದ್ ಎಂದರು. ಆಮೇಲೆ ನಾನು ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತ ನಿವೃತ್ತನಾಗಬೇಕು. ಕೊನೆಯ ದಿನ ಮಧ್ಯಾಹ್ನದವರೆಗೆ ಬಂದಿದ್ದವು ಹದಿನಾಲ್ಕು.

ಆಗ ಬಂದಳು ಸವಿತಾ. ಬಿ.ಕಾಂ. ವಿದ್ಯಾರ್ಥಿನಿ, ಖಾನಾಪುರ ತಾಲೂಕಿನ ಹಲಸಿಯವಳು. ನೆಹರು ನಗರದ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ, ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುತ್ತಾಳೆ. ಗೆಳತಿಯರೆಲ್ಲ ಕಂಪ್ಯೂಟರ್ ಮೈನರ್ ತೆಗೆದುಕೊಂಡಿದ್ದರು. ಇವಳಿಗೆ ಮಾತ್ರ ಮನಸ್ಸು ಗಟ್ಟಿಯಾಗಿರಲಿಲ್ಲ.

"ಸರ್, ನಮ್ಮೂರ ಗುಡಿ ಬಾಜೂಕ ಒಂದು ಅಕ್ಷರದ ಕಲ್ಲ ಐತ್ರಿ. ನಮ್ಮ ಮುತ್ಯಾ ದನಾ ಮೇಸಾಕ ಹೋದಾಗ ಅದಕ್ಕ ಬೆನ್ನ ಹಚ್ಚಿ ಕುಂದರ್ತಾನ್ರಿ. ಏನ್ ಬರದಾರ ಅಂತ ಕೇಳಿದ್ರ, ಸಾಲಿ ಕಲ್ತಾಕಿ ನೀನ, ನೀನ ಹೇಳು ಅಂತಾನ್ರಿ. ನಿಮ್ಮ ಮೈನರ್ ತಗೊಂಡ್ರ ಅದನ್ನ ಓದಾಕ ಬರ್ತೈತೇನ್ರಿ?"

ಬರುವುದಿಲ್ಲ. ಸಿಲಬಸ್ಸಿನಲ್ಲಿ 'ಶಾಸನಗಳ ಮಹತ್ವ' ಎಂಬ ಐದು ಅಂಕದ ಟಿಪ್ಪಣಿಯಿದೆ, ಶಾಸನದ ಒಂದಕ್ಷರವೂ ಇಲ್ಲ. ಹಲಸಿ ಕದಂಬರ ಎರಡನೆಯ ರಾಜಧಾನಿಯಾಗಿತ್ತು ಎಂದು ಇಪ್ಪತ್ತೆಂಟು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಈಚೆಗೆ, ಬನವಾಸಿ ಮೇಜರ್, ಹಲಸಿ ಮೈನರ್ ಎಂಬ ಜೋಕನ್ನೂ ಸೇರಿಸಿಕೊಂಡಿದ್ದೇನೆ. ಆದರೆ ಹಳೆಯ ಲಿಪಿ ಓದಲು ನನಗೇ ಬರುವುದಿಲ್ಲ. ಅಡುಗೆ ಪುಸ್ತಕ ಬಾಯಿಪಾಠ ಮಾಡಿ ಒಲೆ ಹಚ್ಚದವನ ಕಥೆ ನನ್ನದು.

ಮೇಜಿನ ಮೇಲೆ ಹದಿನಾಲ್ಕು ಅರ್ಜಿಗಳಿದ್ದವು. "ಬರ್ತೈತವಾ, ಯಾಕ ಬರೂದಿಲ್ಲ?" ಎಂದೆ. ಅವಳು ಅಲ್ಲೇ ಬಗ್ಗಿ ಸಹಿ ಮಾಡಿದಳು. ಆ ಸಂಜೆ ಮನೆಗೆ ಸಿಹಿ ಕುಂದಾ ಒಯ್ದೆ. ಏನು ವಿಶೇಷ ಎಂದು ಹೆಂಡತಿ ಕೇಳಿದಳು. ಅವಳ ತಾಟಿಗೆ ಇನ್ನೊಂದು ಚಮಚ ಹಾಕಿದೆ.

ಸ್ವಲ್ಪ ದಿನಕ್ಕೆ ಸವಿತಾ ಮೊಬೈಲಿನಲ್ಲಿ ಆ ಕಲ್ಲಿನ ಫೋಟೊ ತಂದಳು. ಕನ್ನಡಕ ಏರಿಸಿದೆ, ಇಳಿಸಿದೆ, "ಫೋಟೊ ಸ್ವಚ್ಛ ಬಂದಿಲ್ಲವಾ" ಎಂದೆ. ಮುಂದಿನ ಸಲ ಊರಿಗೆ ಹೋದಾಗ ಅವಳೂ ಅವಳ ಅಜ್ಜನೂ ಸೇರಿ ಕಲ್ಲು ತೊಳೆದು, ಅಕ್ಷರದ ಗೀರುಗಳಿಗೆ ಅಕ್ಕಿಹಿಟ್ಟು ಸವರಿ ಮತ್ತೆ ಫೋಟೊ ತೆಗೆದಿದ್ದರು. ಅಕ್ಷರಗಳೆಲ್ಲ ಬೆಳ್ಳಗೆ ಎದ್ದು ನನ್ನನ್ನೇ ನೋಡುತ್ತಿದ್ದವು. ನೆವ ಹೇಳಲು ಏನೂ ಉಳಿದಿರಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದೆ. ಅವಳು ಮೆಲ್ಲಗೆ ಮೊಬೈಲು ತೆಗೆದುಕೊಂಡು, "ಇರ್ಲಿ ಬಿಡ್ರಿ ಸರ್, ನಿಮಗ ಕೆಲಸ ಭಾಳ ಇರ್ತಾವು" ಎಂದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸೆಮಿಸ್ಟರ್ ಮುಗಿದ ಮೇಲೆ, ಮೈನರ್ ಬದಲಿಸುವ ಅರ್ಜಿಯೊಂದು ನನ್ನ ಸಹಿಗೆ ಬಂತು. ಸವಿತಾಳದು. ಕಾರಣ ಎಂಬಲ್ಲಿ, 'ಸಂಜೆಯ ಕ್ಲಾಸಿನಿಂದ ದಿನಾಲೂ ಊರಿನ ಬಸ್ಸು ತಪ್ಪುತ್ತದೆ' ಎಂದು ಬರೆದಿದ್ದಳು. ಹಾಸ್ಟೆಲ್ಲಿನಲ್ಲಿರುವ ಹುಡುಗಿಗೆ ದಿನಾಲೂ ತಪ್ಪುವ ಬಸ್ಸು ಯಾವುದು? 'ಸರ್‌ಗೇ ಓದಲು ಬರುವುದಿಲ್ಲ' ಎಂದು ಬರೆಯಬಹುದಿತ್ತು. ಆದರೆ ಅದು ಪ್ರಿನ್ಸಿಪಾಲರ ಮೇಜಿಗೆ ಹೋಗುವ ಕಾಗದ. ನಾನು ಸುಳ್ಳು ಹೇಳಿದ್ದು ನನ್ನ ಮಾನ ಉಳಿಸಿಕೊಳ್ಳಲು. ಅವಳು ಹೇಳಿದ್ದೂ ನನ್ನ ಮಾನ ಉಳಿಸಲಿಕ್ಕೇ.

ಸಹಿ ಹಾಕಿದೆ. ಲೆಕ್ಕ ಮತ್ತೆ ಹದಿನಾಲ್ಕಕ್ಕೆ ಬಂತು. ಬರುವ ವರ್ಷ ಚಟ್ನಿಯೂ ಇಲ್ಲ.

ಈಗ ದಿನಾ ಬೆಳಿಗ್ಗೆ ಚಹಾ ಕುಡಿದು, ಪಾಟಿ ಬಳಪ ಹಿಡಿದು ಹಳೆಯ ಲಿಪಿ ತಿದ್ದುತ್ತ ಕೂರುತ್ತೇನೆ. "ಈ ವಯಸ್ಸಿನಾಗ ಸಾಲಿ ಒಂದನೇತ್ತಾ ಸೇರೀರೇನ್ರಿ?" ಎಂದು ಹೆಂಡತಿ ನಗುತ್ತಾಳೆ. ಹೌದು, ನಾನೂ ಒಂದು ಮೈನರ್ ತೆಗೆದುಕೊಂಡಿದ್ದೇನೆ. ಹನ್ನೊಂದು ಅಕ್ಷರ ಕೈಗೆ ಹತ್ತಿವೆ. ಸವಿತಾ ಕಾಲೇಜು ಬಿಡಲು ಇನ್ನೂ ಒಂದು ವರ್ಷವಿದೆ. ಅವಳ ಮುತ್ಯಾನಿಗೆ ವಯಸ್ಸೆಷ್ಟು ಎಂದು ಕೇಳುವ ಧೈರ್ಯ ಮಾತ್ರ ನನಗೆ ಬಂದಿಲ್ಲ.