ದುಂಡಪ್ಪ ಮಾಮಾ ಬಿಡಿಸಿದ್ದು, ಬಾಯವ್ವ ಹೊಸೆದದ್ದು

ಬೈಲಹೊಂಗಲದಲ್ಲಿ ಟ್ರ್ಯಾಕ್ಟರಿನ ಲೈಟು ಹೋದರೂ ಜೀಪಿನ ಹಾರ್ನ್ ಕೆಟ್ಟರೂ ಜನ ಹುಡುಕಿಕೊಂಡು ಬರುತ್ತಿದ್ದದ್ದು ನಮ್ಮ ಅಕ್ಕ ಗುರವ್ವನ ಗಂಡ ದುಂಡಪ್ಪ ಮಾಮಾನನ್ನು. ವಾಯರಿಂಗ್ ಕೆಲಸದಲ್ಲಿ ಅವರದು ಒಳ್ಳೆಯ ಕೈ, ಕೆಟ್ಟ ಬಾಯಿ. ಅವರು ಹಾಕಿದ ವಾಯರುಗಳು ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ನೆಟ್ಟಗಿರುತ್ತಿದ್ದವು. ಬೇರೆಯವರು ಸುತ್ತಿ ಬಿಟ್ಟ ವಾಯರು ಕಂಡರೆ ಸಾಕು, "ಇದೇನ ವಾಯರಿಂಗೋ, ಗೀಜಗನ ಗೂಡೋ?" ಎಂದು ಗಾಡಿಯ ಮಾಲೀಕನನ್ನೇ ಬೈಯುತ್ತಿದ್ದರು. ಚಚಡಿಯ ರೈತರೊಬ್ಬರಂತೂ ಬೈಸಿಕೊಳ್ಳುವುದಕ್ಕೇ ಬರುತ್ತೇನೆ ಎನ್ನುತ್ತಿದ್ದರು, ಯಾಕೆಂದರೆ ಬೈದ ಮೇಲೆ ಮಾಮಾ ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ.

2007ರಲ್ಲಿ ನಾನು ಕಾರು ತಂದೆ. ನಮ್ಮ ಬಳಗದಲ್ಲೇ ಅದು ಮೊದಲನೆಯದು. ಆಗ ಮಾಮಾನ ಮಗಳು ಉಮಾಶ್ರೀ ಏಳು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ಅಕ್ಕ ಹಟ ಹಿಡಿದಿದ್ದಳು. ಸಾಲಹಳ್ಳಿಯಲ್ಲಿದ್ದ ಉಮಾಶ್ರೀಯ ಅತ್ತೆ ಬಾಯವ್ವನದು ಒಂದೇ ಮಾತು: "ಬಸ್ಸಿನ್ಯಾಗ ಕುಲುಕಾಡಿಸಿಕೋಂತ ಕಳಸಾಂಗಿಲ್ಲ. ಚೊಲೊ ಗಾಡಿ ತರ್ರಿ, ಕಳಸತೇನಿ. ಇಲ್ಲಂದ್ರ ಇಲ್ಲೇ ಹಡೀಲಿ."

ಚೊಲೊ ಗಾಡಿ ಎಂದರೆ ನನ್ನ ಕಾರು. ಹೊರಡುವ ಹಿಂದಿನ ದಿನ ಮಾಮಾ ಬಂದು, "ಸುಭಾಸ, ಅದು ಕಬ್ಬಿನ ಟ್ರ್ಯಾಕ್ಟರ್ ಓಡಾಡೋ ಹಾದಿ. ನಿನ್ನ ಈ ಪೀಪಿ ಕೇಳಿ ಯಾವಾಂವ ದಾರಿ ಬಿಡತಾನ?" ಎಂದು ಕೀಲಿ ಕೇಳಿದರು. ಕೊಟ್ಟೆ. ನನ್ನ ಬುದ್ಧಿಗೆ ಏನು ಹೇಳಲಿ! ಸಂಜೆಯ ಹೊತ್ತಿಗೆ ಕಂಪನಿಯ ಹಾರ್ನ್ ಅವರ ಅಂಗಡಿಯ ಗೂಡು ಸೇರಿ, ಲಾರಿಗೆ ಸಲ್ಲುವಂಥ ಹಾರ್ನ್ ಬಂದು ಕೂತಿತ್ತು. ಮಾಮಾ ಬಾನೆಟ್ ಎತ್ತಿ ಹೆಮ್ಮೆಯಿಂದ ತೋರಿಸಿದರು. "ಎರಡ ವಾಯರ್ ಜಡಿ ಹೆಣದಂಗ ಸುತ್ತಿ ಬಿಟ್ಟಿದ್ರು, ನಾಚಿಕಿ ಇಲ್ಲದವ್ರು. ಬಿಡಿಸಿ ನೆಟ್ಟಗ ಮಾಡೇನಿ." ಆ ಎರಡನ್ನೂ ಹಾರ್ನಿನ ವಾಯರನ್ನೂ ಸೇರಿಸಿ ಅವರು ಒಂದೇ ಕಟ್ಟು ಕಟ್ಟಿದ್ದರು.

ಮರುದಿನ ಕಾರು ನಡೆಸಿದವರೂ ಅವರೇ. ಮುರಗೋಡ ದಾಟಿದ ಮೇಲೆ ಮೊದಲ ಸಲ ಹಾರ್ನ್ ಒತ್ತಿದರು. ಮುಂದಿನ ಟ್ರ್ಯಾಕ್ಟರ್ ದಾರಿ ಬಿಟ್ಟಿತು. ಜೊತೆಗೇ ವೇಗದ ಮುಳ್ಳು ಸೊನ್ನೆಗೆ ಬಿತ್ತು, ಸುಡುವ ಬಿಸಿಲಿನಲ್ಲಿ ವೈಪರ್ ತಿರುಗತೊಡಗಿತು. ಕೈ ತೆಗೆದರೆ ಎಲ್ಲ ಸರಿ, ಒತ್ತಿದರೆ ಮತ್ತೆ ಅದೇ ಕುಣಿತ. "ಹೊಸಾದೈತಿ, ರೂಢಿ ಆಗತೈತಿ ಬಿಡು" ಎಂದರು ಮಾಮಾ, ನನ್ನ ಕಾರು ಏನೋ ಪಳಗಿಸದ ಹೋರಿ ಎಂಬಂತೆ. ನನಗೆ ಸಿಟ್ಟು ಬಂದಿತ್ತು, ಆದರೆ ಅಕ್ಕನ ಗಂಡ. ಬೈಯುವ ಹಾಗಿರಲಿಲ್ಲ.

ಸಾಲಹಳ್ಳಿಯಲ್ಲಿ ಊಟವಾಯಿತು. ಉಮಾಶ್ರೀಯ ಗಂಟುಮೂಟೆ ಡಿಕ್ಕಿ ಸೇರಿ, ಅವಳು ಹಿಂದಿನ ಸೀಟಿನಲ್ಲಿ ಕೂತದ್ದೂ ಆಯಿತು. ದಾರಿಗೆ ಅಡ್ಡವಾಗಿ ಎಮ್ಮೆ ಕಟ್ಟಿತ್ತು. ಬೇಡವೆಂದು ನಾನು ಕಣ್ಸನ್ನೆ ಮಾಡುವಷ್ಟರಲ್ಲಿ ಮಾಮಾ ಹಾರ್ನ್ ಒತ್ತಿಯೇಬಿಟ್ಟರು. ಗಾಜಿನ ಎದುರು ನಿಂತಿದ್ದ ಬಾಯವ್ವನಿಗೆ ವೈಪರ್ ಕೈ ಬೀಸಿ ತೋರಿಸಿತು.

"ಇಳಿಯವಾ ಉಮಾ," ಎಂದರು ಬಾಯವ್ವ. "ಹಾರ್ನ್ ಹೊಡದ್ರ ಕುಣಿಯೋ ಗಾಡಿ, ಬ್ರೇಕ್ ಹೊಡದ್ರ ಏನ ಮಾಡತೈತೋ! ನಾ ಕಳಸಾಂಗಿಲ್ಲರಿ ಬೀಗರ."

ಉಮಾಶ್ರೀ ಇಳಿದಳು. ಅವಳ ಕಣ್ಣು ತುಂಬಿದ್ದನ್ನು ನೋಡಿ ಮಾಮಾ ಎಂಜಿನ್ ಬಂದ್ ಮಾಡಿ ತಾವೂ ಇಳಿದರು. ನನ್ನ ಸಿಟ್ಟೂ ಅಲ್ಲಿಗೇ ಇಳಿಯಿತು.

ನಾನು ಮಾಳಿಗೆ ಹತ್ತಿ, ಸಿಗ್ನಲ್ ಸಿಕ್ಕ ಮೂಲೆಯಲ್ಲಿ ನಿಂತು ಬೆಳಗಾವಿಯ ವರ್ಕ್‌ಶಾಪಿಗೆ ಫೋನ್ ಹಚ್ಚಿದೆ. ಅಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್ ನೋಡುವ ಗೌತಮಿ ಎಂಬಾಕೆ ಎತ್ತಿದಳು. ಸ್ಪೀಕರ್ ಹಚ್ಚುವಷ್ಟರಲ್ಲಿ ನನ್ನ ಹಿಂದೆ ಮಾಮಾ, ಮಾಮಾನ ಹಿಂದೆ ಬಾಯವ್ವ ಮೆಟ್ಟಿಲು ಹತ್ತಿ ಬಂದಿದ್ದರು.

ನಾನು ಹೇಳಿದ್ದನ್ನೆಲ್ಲ ಕೇಳಿ, "ಹೆಣದಿದ್ದ ಎರಡು ವಾಯರ್ ಬಿಡಿಸಿದ್ರೇನ್ರಿ?" ಎಂದಳು ಗೌತಮಿ.

ಮಾಮಾ ಕೆಮ್ಮಿದರು.

"ಈಗಿನ ಕಾರಿನ್ಯಾಗ ಒಂದೊಂದು ಕೆಲಸಕ್ಕ ಬ್ಯಾರೆ ಬ್ಯಾರೆ ವಾಯರ್ ಇರಂಗಿಲ್ರಿ. ಎಂಜಿನ್ನು, ಮೀಟರು, ವೈಪರು ಎಲ್ಲಾ ಆ ಎರಡ ವಾಯರಿನ ಮ್ಯಾಲೇ ಮಾತಾಡ್ತಾವ. ಊರಾಗ ಡಂಗುರ ಹೊಡದಂಗ. ಎಲ್ಲಾರಿಗೂ ಕೇಳತದ, ಯಾರಿಗೆ ಸಂಬಂಧ ಅದನೋ ಅವರಷ್ಟ ಏಳತಾರ. ಇಬ್ಬರು ಕೂಡೇ ಬಾಯಿ ತಗದ್ರ ಜರೂರ್ ಮಾತಿನವರದು ಮುಂದ, ಇನ್ನೊಬ್ಬರು ಸುಮ್ಮನಾಗಿ ಕಾಯ್ತಾರ."

"ಮತ್ತ ಹೆಣಿಯೋದು ಯಾಕವಾ?" ಬಾಯವ್ವ ಫೋನಿಗೆ ಬಾಯಿ ಹಚ್ಚಿಯೇ ಕೇಳಿದರು.

"ಮಾತು ಇರೋದು ಎರಡೂ ವಾಯರಿನ ನಡುವಿನ ಫರಕಿನ್ಯಾಗ್ರಿ ಅಜ್ಜಿ. ಹೆಣಕೊಂಡಿದ್ರ ಹೊರಗಿನ ಗದ್ದಲ ಎರಡಕ್ಕೂ ಸಮಾ ಬೀಳತದ, ಫರಕು ಹಂಗ ಉಳೀತದ. ಇವರು ಬಿಡಿಸಿ ಹಾರ್ನಿನ ಬಾಜೂಕ ಕಟ್ಯಾರ. ಆ ಗದ್ದಲದಾಗ ಮೀಟರಿಗೆ ಏನೂ ಕೇಳಸವಲ್ದು. ವೈಪರಿಗೂ ಹುಕುಂ ಬರಂಗಿಲ್ಲ, ಮಳಿ ಬಂದಿದ್ರ ಹೆಂಗ ಅಂತ ತಾನಾ ತಿರಗತದ. ಮತ್ತ ಹೊಸೀರಿ, ಹಾರ್ನ್ ವಾಯರ್ ದೂರ ಒಯ್ರಿ."

ಮಾಮಾ ಕೆಳಗಿಳಿದು ವಾಯರುಗಳ ಒಂದು ತುದಿ ಕಳಚಿ ಹೊಸೆಯಲು ಕೂತರು. ಜೀವಮಾನವಿಡೀ ನೆಟ್ಟಗೆ ಮಾಡಿ ರೂಢಿಯಾದ ಕೈ. ಒಂದು ಕಡೆ ಬಿಗಿ ಬಿತ್ತು, ಇನ್ನೊಂದು ಕಡೆ ಸಡಿಲ. ಬಿಚ್ಚಿದರು, ಮತ್ತೆ ಹೊಸೆದರು, ಮತ್ತೆ ಬಿಚ್ಚಿದರು. ಬಾಯವ್ವನಿಗೆ ನೋಡಿ ನೋಡಿ ತಡೆಯಲಾಗಲಿಲ್ಲ.

"ಸರೀರಿ ಬೀಗರ. ಬತ್ತಿ ಹೊಸದ ಕೈ ಅಲ್ಲ ನಿಮ್ಮದು."

ದಿನಾ ದೇವರ ದೀಪಕ್ಕೆ ಬತ್ತಿ ಹೊಸೆಯುವ ಬೆರಳು ಅವರವು. ಸುತ್ತಿನ ಮೇಲೆ ಸುತ್ತು ಒಂದೇ ಹದದಲ್ಲಿ ಬೀಳುತ್ತ ಹೋಯಿತು. ಊರ ಗಾಡಿಗಳನ್ನೆಲ್ಲ ಬೈದು ದುರಸ್ತಿ ಮಾಡಿದ ನಮ್ಮ ಮಾಮಾ ಒಂದು ತುದಿ ಹಿಡಿದುಕೊಂಡು ಕೂತಿದ್ದರು. ಆಮೇಲೆ ತುದಿ ಜೋಡಿಸಿ, ಹಾರ್ನಿನ ವಾಯರನ್ನು ಆಚೆ ಬದಿಗೆ ಒಯ್ದರು.

ಹಾರ್ನ್ ಒತ್ತಿದವರೂ ಬಾಯವ್ವನೇ. ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು, ವೈಪರ್ ಮಾತ್ರ ಅಲುಗಲಿಲ್ಲ. ಮತ್ತೊಮ್ಮೆ ಒತ್ತಿದರು, ಮತ್ತೂ ಒತ್ತಿದರು. ಅಷ್ಟರಲ್ಲಿ ಅವರಿಗೂ ಅದರ ರುಚಿ ಹತ್ತಿತ್ತು.

"ಹತ್ತವಾ ಉಮಾ," ಎಂದರು ಕೊನೆಗೆ. "ನಾನ ಹೊಸದೇನಿ, ನಂಬಿಗಿ ಐತಿ. ಆರಾಮ ಹೋಗಿ ಬಾ."

ಯರಗಟ್ಟಿ ಮುಟ್ಟುವವರೆಗೆ ಮಾಮಾ ಕಾರಣವಿಲ್ಲದೆ ಹಾರ್ನ್ ಹೊಡೆದರು, ಉಮಾಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾಮಾನನ್ನು ಅಷ್ಟು ಸಂತೋಷದಲ್ಲಿ ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆಮೇಲೆಯೂ ಅಂಗಡಿಯಲ್ಲಿ ಬೈಗುಳ ನಿಲ್ಲಲಿಲ್ಲ, ದಿಕ್ಕು ಬದಲಾಯಿತಷ್ಟೆ. ಹೊಸ ಕಾರಿನ ಬಾನೆಟ್ಟಿಗೆ ಯಾರಾದರೂ ಕೈ ಹಾಕಿದರೆ, "ಹೆಣದದ್ದು ಮುಟ್ಟಬ್ಯಾಡ್ರೋ, ಅವು ಮಾತಾಡೋ ವಾಯರ್" ಎಂದು ಗದರುತ್ತಿದ್ದರು.

ಹೆಣ್ಣುಮಗು ಹುಟ್ಟಿತು. ಹೆಸರಿಡುವ ದಿನ ಬಾಯವ್ವ ಬಂದವರೇ ಮೊಮ್ಮಗಳನ್ನು ಎತ್ತಿಕೊಂಡರು, ಮುದ್ದಾಡಿದರು, ಎತ್ತಿಕೊಂಡೇ ಅಂಗಳಕ್ಕೆ ಬಂದು ನನ್ನ ಕಾರಿನ ಮುಂದೆ ನಿಂತರು.

"ಬೀಗರ, ಈ ಮುಚ್ಚಳಾ ಸ್ವಲ್ಪ ತಗೀರಿ. ನಾ ಹೊಸದದ್ದು ಮತ್ತ ಬಿಚ್ಚೀರೇನ?"

"ನನಗೆಲ್ಲಿ ಧೈರ್ಯ ಐತ್ರಿ ಅಕ್ಕಾರ," ಎಂದು ಮಾಮಾ ಬಾನೆಟ್ ಎತ್ತಿದರು.

ಬಾಯವ್ವ ಬಗ್ಗಿ ನೋಡಿದರು. ಆಮೇಲೆ ಮಗುವನ್ನು ಹತ್ತಿರ ಹಿಡಿದು ಬೆರಳು ತೋರಿಸಿದರು. "ನೋಡ ನನ್ನವ್ವಾ, ನಿಮ್ಮವ್ವನ್ನ ನಿನ್ನ ಅಜ್ಜನ ಮನಿಗೆ ನಾನ ಕಳಿಸಿದ್ದು, ಈ ಬತ್ತಿ ಹೊಸೆದು."