ಕೆಂಪು ಬಾಳೆ ಮತ್ತು ಒಣಗದ ಹಸಿರು ಸೀರೆ

ಯಾರಾದರೂ ನನ್ನ ಕಡೆ ಕ್ಯಾಮೆರಾ ತಿರುಗಿಸಿದರೆ ಸಾಕು, ನನ್ನ ಕೈ ತಾನಾಗಿ ತಲೆಗೂದಲಿಗೆ ಹೋಗುತ್ತದೆ. ಅಲ್ಲಿಂದ ಸೆರಗಿಗೆ ಇಳಿಯುತ್ತದೆ. ಆಮೇಲೆ ಕಾಲು ಒಳಕೋಣೆಯ ಟ್ರಂಕಿನ ಕಡೆ ಹೊರಡುತ್ತದೆ. ಇದು ನನ್ನೊಬ್ಬಳ ರೋಗ ಎಂದು ಬಹಳ ದಿನ ನಾಚಿಕೊಂಡಿದ್ದೆ. ಆದರೆ ನಿಮ್ಮ ಮನೆಯ ಗೋಡೆಯ ಮೇಲಿನ ಫೋಟೋಗಳನ್ನೂ ಒಮ್ಮೆ ನೋಡಿ. ರೊಟ್ಟಿ ಬಡಿಯುವಾಗ ಉಡುವ ಸೀರೆಯಲ್ಲಿ ಯಾರಾದರೂ ನಿಂತಿದ್ದಾರೆಯೇ? ನಮ್ಮ ಅಜ್ಜಿ ಬದುಕಿಡೀ ನೂಲಿನ ಸೀರೆ ಉಟ್ಟವಳು. ಫೋಟೋದಲ್ಲಿ ಮಾತ್ರ ರೇಷ್ಮೆಯಲ್ಲಿದ್ದಾಳೆ, ಪಕ್ಕದಲ್ಲಿ ಸ್ಟುಡಿಯೋದವರ ಪ್ಲಾಸ್ಟಿಕ್ ಹೂವಿನ ಕುಂಡ. ಹೀಗಾಗಿ ಮೊಮ್ಮಕ್ಕಳ ಮಕ್ಕಳಿಗೆ ಅಜ್ಜಿ ಅಂದರೆ ರೇಷ್ಮೆ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ನನ್ನ ಟ್ರಂಕಿನ ಚಾಳಿಯಿಂದ ಮಾತ್ರ ನನ್ನ ತಮ್ಮ ಎರಡನೆಯ ಸಲವೂ ಫೇಲಾಗುವುದರಲ್ಲಿದ್ದ.

ತಮ್ಮ ಶರಣು ಆಗ ಕಲಬುರಗಿಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. ನಾನು ಓದಿದ್ದು ಏಳನೆಯ ತರಗತಿ. ಅದರ ಮುಂದಿನ ವಿದ್ಯೆಯನ್ನೆಲ್ಲ ಹಣ್ಣು ಕಟ್ಟಿಕೊಡುವ ಹಳೇ ಪೇಪರಿನಿಂದ ಪಡೆದವಳು. ಮದುವೆಯಾಗಿ ಕಮಲಾಪುರಕ್ಕೆ ಬಂದ ಮೇಲೆ ಹುಮನಾಬಾದ್ ರಸ್ತೆಯ ಬದಿಯಲ್ಲಿ ನಮ್ಮ ಮನೆಯವರ ತೋಟದ ಕೆಂಪು ಬಾಳೆಹಣ್ಣು ಮಾರುತ್ತಾ ಬಂದಿದ್ದೇನೆ. ಬಸ್ಸು ನಿಂತಾಗ ಕಿಟಕಿಯಿಂದ ಇಳಿಯುವ ಕೈಗಳಿಗೆ ಹಣ್ಣು ಕೊಡುವುದು, ಬಸ್ಸು ಹೊರಟಾಗ ಚಿಲ್ಲರೆಗಾಗಿ ಓಡುವುದು ನನ್ನ ಕೆಲಸ.

ಶರಣುವಿನ ಕೋರ್ಸಿನಲ್ಲಿ ಕೊನೆಗೊಂದು ಫಿಲ್ಮ್ ಮಾಡಿ ತೋರಿಸಬೇಕಿತ್ತು. ಮೊದಲ ಸಲ ಅವನು ಮಾಡಿದ ಫಿಲ್ಮಿನಲ್ಲಿ ಎಲ್ಲರೂ ಬಾಯಿ ಆಡಿಸುತ್ತಿದ್ದರು, ಒಬ್ಬರ ದನಿಯೂ ಕೇಳಿಸುತ್ತಿರಲಿಲ್ಲ. ಮೈಕಿನ ಗುಂಡಿ ಒತ್ತಲು ಮರೆತಿದ್ದ. ಫೇಲಾದ. ನಮ್ಮಪ್ಪ ಹೆಚ್ಚು ಬಯ್ಯಲಿಲ್ಲ. "ಈ ಸಲಾನೂ ಹೋತಂದ್ರ ಸೀದಾ ನಿಮ್ಮ ಕಾಕಾನ ಹಾರ್ಡ್‌ವೇರ್ ಅಂಗಡಿ. ಮೊಳಿ ತೂಗಿಕೋತ ಕೂಡು" ಎಂದಷ್ಟೇ ಹೇಳಿ ಪೇಪರು ಬಿಡಿಸಿದರು. ಅವರು ಅಷ್ಟು ಕಡಿಮೆ ಮಾತಾಡಿದರೆ ಹೇಳಿದ್ದನ್ನು ಮಾಡಿಯೇ ತೀರುವವರು.

ಎರಡನೆಯ ಸಲಕ್ಕೆ ಅವನು ನನ್ನನ್ನೇ ಆರಿಸಿಕೊಂಡ. ನನ್ನನ್ನು ಅಂದರೆ ತಪ್ಪಾದೀತು, ಬಾಳೆಹಣ್ಣನ್ನು. ನಸುಕಿನಲ್ಲಿ ತೋಟದಲ್ಲಿ ಗೊನೆ ಕಡಿಯುವುದರಿಂದ ಹಿಡಿದು ಸಂಜೆ ಕೊನೆಯ ಹಣ್ಣು ಮಾರುವ ತನಕ, ಒಂದೇ ದಿನದ ಕತೆ. ಹ್ಯಾಂಡಿಕ್ಯಾಮ್ ಅವನ ಗೆಳೆಯ ಇರ್ಫಾನನದು. ಇರ್ಫಾನ್ ಕಲಬುರಗಿಯ ದರ್ಗಾದ ಸುತ್ತಲಿನ ರೋಜಾ ಬಡಾವಣೆಯಲ್ಲಿ ಮಹಡಿಯ ಮೇಲೊಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆಯ ಸಿಡಿ ಮಾಡುತ್ತಿದ್ದ. ಮದುವೆ ಇಲ್ಲದ ದಿನ ಮಾತ್ರ ಕ್ಯಾಮೆರಾ ನಮಗೆ. ಹೀಗಾಗಿ ಫಿಲ್ಮಿನ ಒಂದು ದಿನವನ್ನು ಎರಡು ಭಾನುವಾರ ತೆಗೆಯಬೇಕಾಯಿತು. ಮೊದಲ ಭಾನುವಾರ ಫಿಲ್ಮಿನ ಮುಂಜಾನೆಯ ಭಾಗ, ಎರಡನೆಯ ಭಾನುವಾರ ಸಂಜೆಯ ಭಾಗ.

ಮೊದಲನೆಯ ದಿನ ನಾನು ಅಂಗಡಿಗೆ ಉಡುವ ಹಸಿರು ಸೀರೆಯಲ್ಲಿದ್ದೆ. ತೊಳೆದು ತೊಳೆದು ಅದರ ಹಸಿರು ಹಸಿರಿನ ನೆನಪಷ್ಟೇ ಆಗಿತ್ತು. ಶರಣು ನನ್ನ ಸೆರಗಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಪುಟ್ಟ ಮೈಕು ಸಿಕ್ಕಿಸಿದ. ತಾನು ದೂರದ ಹುಣಸೆ ಮರದ ಬುಡದಲ್ಲಿ ಕ್ಯಾಮೆರಾ ಇಟ್ಟುಕೊಂಡು ಎರಡೂ ಕಿವಿಗೆ ಕರಿಯ ಮುಚ್ಚಳ ಹಾಕಿಕೊಂಡ. ಹೋದ ಸಲ ಕೈಕೊಟ್ಟ ದನಿಯ ಭಯ, ಒಮ್ಮೆಯೂ ಅದನ್ನು ತೆಗೆಯಲಿಲ್ಲ. ಕೆಲಸ ಮುಗಿದ ಮೇಲೆ ಅಲ್ಲಿಂದಲೇ ಕೂಗಿದ: "ಅಕ್ಕಾ, ಮುಂದಿನ ಸಲಾನೂ ಇದೇ ಸೀರಿ ಉಡಬೇಕು, ಬ್ಯಾರೆ ಉಡಬ್ಯಾಡ."

ಶೂಟಿಂಗ್ ನೋಡಲು ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಪಕ್ಕದ ಮನೆಯ ನಾಗಮ್ಮ ಕಾಕಿ ಬಾಯಿಗೆ ಸೆರಗು ಅಡ್ಡ ಹಿಡಿದು ನನ್ನ ಹತ್ತಿರ ಬಂದಳು. "ಏನವಾ, ಮುಂದಿನ ಸಲಾನೂ ಇದೇ ಅಂತ? ಇದೊಂದೇ ಅದ ಏನು ನಿನಗ? ಬೇಕಂದ್ರ ನಂದೊಂದು ಕೊಡ್ತೀನಿ ಬಾ" ಎಂದು ಪಿಸುಗುಟ್ಟಿದಳು. ಬಹಳ ಮೆಲ್ಲಗೆ ಹೇಳಿದಳು. ತಮ್ಮನ ಕಿವಿ ಮುಚ್ಚಿದೆ, ದೂರದಲ್ಲಿದ್ದಾನೆ, ಅವನಿಗಂತೂ ಕೇಳಿಸಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಿನಿಮಾದ ಕಾನೂನು ನನಗೂ ಗೊತ್ತಿತ್ತು. ಬಾಗಿಲ ಹೊರಗೆ ಹಸಿರು ಉಟ್ಟವಳು ಬಾಗಿಲ ಒಳಗೆ ನೀಲಿ ಉಟ್ಟಿದ್ದರೆ ಟಾಕೀಜಿನಲ್ಲಿ ನಾನೇ ನಕ್ಕಿದ್ದೇನೆ. ಆದರೆ ಪರದೆಯ ಮೇಲಿನವರಿಗೆ ನಾಗಮ್ಮ ಕಾಕಿ ಪಕ್ಕದ ಮನೆಯಲ್ಲಿರುವುದಿಲ್ಲ. ಎರಡನೆಯ ಭಾನುವಾರ ಬಂತು. ಮಧ್ಯಾಹ್ನದಿಂದ ಕೋಣೆಯೊಳಗೆ ತಡಮಾಡಿದೆ. ಹೊರಗೆ ಬಂದಾಗ ನನ್ನ ಮೈಮೇಲಿದ್ದದ್ದು ಮದುವೆಯಲ್ಲಿ ತವರಿನವರು ಉಡಿಸಿದ ಇಳಕಲ್ ಸೀರೆ, ಕೆಂಪಂದರೆ ಕೆಂಪು. ತಲೆಗೆ ಮಲ್ಲಿಗೆ ಬೇರೆ. ರಸ್ತೆ ಬದಿಯ ಬಾಳೆಹಣ್ಣಿನ ಬುಟ್ಟಿಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ.

ಶರಣು ನೋಡಿದ. "ಹಸರು ಸೀರಿ ಎಲ್ಲಿ?"

"ತೊಯ್ದದೋ, ಒಣಗಿಲ್ಲ" ಎಂದೆ. ಕಮಲಾಪುರದ ಬೇಸಿಗೆಯಲ್ಲಿ ಸೀರೆ ಒಣಗಲಿಲ್ಲವಂತೆ. ಟ್ರಂಕಿನಲ್ಲಿ ಮಡಿಚಿಟ್ಟ ಸೀರೆ ಅದು.

ಅವನು ಮುಳುಗುವ ಹೊತ್ತನ್ನು ನೋಡಿದ. ಮರುದಿನ ಕ್ಯಾಮೆರಾ ಯಾರದೋ ಮದುವೆಗೆ ಹೋಗಬೇಕಿತ್ತು. "ಇರಲಿ, ಕಂಪ್ಯೂಟರ್‌ನ್ಯಾಗ ಏನರ ಮಾಡೂಣು" ಎಂದ. ಕಂಪ್ಯೂಟರ್ ಮೇಲೆ ಆಗ ಎಲ್ಲರಿಗೂ ಅಂಥ ಭಕ್ತಿ. ಹರಿದದ್ದನ್ನು ಹೊಲಿಯುತ್ತದೆ, ಕರಿದನ್ನು ಬಿಳಿದು ಮಾಡುತ್ತದೆ ಎಂದು ನಾನೂ ನಂಬಿದೆ. ಪಾಪದ ಭಾರ ಅರ್ಧ ಇಳಿಯಿತು.

ಮುಂದಿನ ವಾರ ಕಲಬುರಗಿಯ ತವರಿಗೆ ಹೋದಾಗ ಶರಣು ಇರ್ಫಾನನ ಕೋಣೆಗೆ ಕರೆದೊಯ್ದ. ಕೆಳಗೆ ಹೂವು, ಚಾದರ ಮಾರುವ ಅಂಗಡಿಗಳು. ಮೇಲೆ ಫ್ಯಾನಿಗಿಂತ ಜೋರಾಗಿ ಗುಂಯ್‌ಗುಡುವ ಕಂಪ್ಯೂಟರ್. ಪರದೆಯಲ್ಲಿ ನಾನು ಹಸಿರು ಉಟ್ಟು ಗೊನೆ ಎತ್ತಿದೆ, ಕೆಂಪು ಉಟ್ಟು ಇಳಿಸಿದೆ.

"ಅಕ್ಕಾ, ಗೊನಿ ಇಳಸೋದ್ರಾಗ ನಿಮ್ಮ ಶಾದಿನೇ ಆಗಿಹೋತಲ್ರೀ" ಎಂದ ಇರ್ಫಾನ್.

ನನ್ನನ್ನು ನಗಿಸಲೆಂದು ಹೇಳಿದ್ದ, ನಾನು ನಗಲಿಲ್ಲ. ಆಗ ಅವನು ತನ್ನ ಮದುವೆ ವಿದ್ಯೆಯನ್ನು ಹೊರತೆಗೆದ. ನೀವೂ ನೋಡಿರುತ್ತೀರಿ, ಇಡೀ ಮದುವೆ ಕಪ್ಪು ಬಿಳುಪು, ಮದುಮಗಳ ಕೈಯ ಗುಲಾಬಿ ಮಾತ್ರ ಕೆಂಪು. ಹಾಗೆ ಊರೆಲ್ಲ ಬೂದಿ ಬಣ್ಣ ಮಾಡಿ ಬಾಳೆಹಣ್ಣನ್ನಷ್ಟೇ ಕೆಂಪಾಗಿ ಬಿಟ್ಟರೆ ಯಾವ ಸೀರೆ ಎಂದು ಯಾರು ಕೇಳುತ್ತಾರೆ? ಉಪಾಯ ಚೆನ್ನಾಗಿತ್ತು. ಅದಕ್ಕೆ ಕಂಪ್ಯೂಟರಿಗೆ ಬಹಳ ಹೊತ್ತು ಬೇಕು, ರೆಂಡರ್ ಆಗಬೇಕು ಎಂದರು. ಪರದೆಯ ಮೇಲೊಂದು ನೀಲಿ ಪಟ್ಟಿ ಇರುವೆಯ ಹಾಗೆ ಮುಂದೆ ಹೋಗುತ್ತಿತ್ತು. ಬಾಳೆ ಮಾಗಿಸುವವಳಾದ ನನಗೆ ಅದು ಬೇಗ ಅರ್ಥವಾಯಿತು. ಹುಲ್ಲು ಮುಚ್ಚಿದ ಮೇಲೆ ಗಳಿಗೆಗೊಮ್ಮೆ ಎತ್ತಿ ನೋಡಬಾರದು. ಚಹಾ ಕುಡಿಯುತ್ತಾ ಕೂತೆವು.

ಪಟ್ಟಿ ತುಂಬಿತು. ಮೊದಲರ್ಧ ಕಣ್ಣಿಗೆ ಹಬ್ಬ, ಬೂದಿ ತೋಟದಲ್ಲಿ ಕೆಂಡದಂಥ ಗೊನೆ. ಆಮೇಲೆ ಸಂಜೆ ಬಂತು. ಬೂದಿ ರಸ್ತೆ, ಬೂದಿ ಬಸ್ಸು, ನಡುವೆ ಅಡಿಯಿಂದ ಮುಡಿಯ ತನಕ ಕೆಂಪಾಗಿ ನಾನು. ಹಣ್ಣನ್ನು ಎದೆಗವಚಿಕೊಂಡು ನಿಂತಿದ್ದರಿಂದ ಹಣ್ಣೇ ಕಾಣಿಸದು. ಕಂಪ್ಯೂಟರಿಗೆ ಕೆಂಪು ಗೊತ್ತು, ಯಾವುದು ಬಾಳೆ, ಯಾವುದು ಅಕ್ಕ ಎಂದು ಗೊತ್ತಿಲ್ಲ. ಬೇರೆ ಯಾವ ಬಣ್ಣ ಉಟ್ಟಿದ್ದರೂ ಪಾರಾಗುತ್ತಿದ್ದೆವು.

ಇರ್ಫಾನ್ ತಲೆ ಕೆರೆದುಕೊಂಡ. ಬಟ್ಟೆಯೊಂದನ್ನೇ ಬೂದಿ ಮಾಡಲು ಅದೆಷ್ಟೋ ಸಂಜೆ ಕಣ್ಣು ನೋಯಿಸಿಕೊಂಡ, ಆಗಲಿಲ್ಲ. ನಾನು ತವರಿನಿಂದ ಅವನಿಗೆ ಮಿರ್ಚಿ ಭಜಿ ಕಳಿಸಿದೆ, ಶೇಂಗಾ ಹೋಳಿಗೆ ಕಳಿಸಿದೆ, ಒಂದು ನಿಜ ಮಾತ್ರ ಕಳಿಸಲಿಲ್ಲ. ಕೊನೆಗೆ ಶರಣು ಎಲ್ಲ ಬಣ್ಣವನ್ನೂ ವಾಪಸು ಹಾಕಿಸಿದ. "ಇದ್ದದ್ದು ಇದ್ದಂಗ ಹೋಗಲಿ" ಎಂದ. ನನಗೆ ಕಾಕಾನ ಅಂಗಡಿಯ ತಕ್ಕಡಿ ಕಣ್ಣಮುಂದೆ ತೂಗಾಡಿತು.

ಪರೀಕ್ಷೆಯ ದಿನ ಮನೆಯವರೂ ಹಿಂದಿನ ಬೆಂಚಿನಲ್ಲಿ ಕೂಡಬಹುದಿತ್ತು. ನಾನೂ ಇರ್ಫಾನನೂ ಕೂತೆವು. ಹೊರಗಿನಿಂದ ಬಂದ ಮೇಡಂ ಒಬ್ಬರು ಫಿಲ್ಮನ್ನು ಪೂರಾ ನೋಡಿದರು. ದನಿ ಬಹಳ ಚೊಕ್ಕವಾಗಿದೆ ಎಂದು ಹೊಗಳಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಒಂದೇ ದಿನದ ಕತಿ ಅಂತೀರಿ. ಮುಂಜಾನಿ ಹಸರು, ಸಂಜಿಗಿ ಕೆಂಪು. ಇದ್ಯಾಕ?"

ನಾನು ನೆಲ ನೋಡಿದೆ. ಸೀರೆ ಒಣಗಿರಲಿಲ್ಲ ಎಂದು ಅವನು ನನ್ನ ಸುಳ್ಳನ್ನೇ ಹೇಳುತ್ತಾನೆ ಎಂದುಕೊಂಡೆ. ಶರಣು ಕೈಕಟ್ಟಿ ನಿಂತು ಹೇಳಿದ: "ತಪ್ಪಾಗ್ಯದ್ರೀ ಮೇಡಂ. ಆದ್ರ ನಮ್ಮ ಅಕ್ಕಗ ಒಂದೇ ಸೀರಿ ಇಲ್ರೀ, ಎರಡವ. ಅದೂ ನಾಕ್ ಮಂದಿಗಿ ತಿಳೀಲಿ ಅಂತ ಬಿಟ್ಟೀನ್ರಿ."

ಮೇಡಂ ನಕ್ಕರು. ತಾವು ಉಟ್ಟ ಸೀರೆಯ ನಿರಿಗೆ ಸರಿಮಾಡಿಕೊಂಡು ಏನೋ ಬರೆದರು. ಬಣ್ಣ ಹೊಂದದಿದ್ದುದಕ್ಕೆ ಅಂಕ ಕಳೆದರು ಎಂದು ಆಮೇಲೆ ಗೊತ್ತಾಯಿತು. ಆದರೂ ಶರಣು ಸೆಕೆಂಡ್ ಕ್ಲಾಸಿನಲ್ಲಿ ಪಾಸಾದ. ಕಾಕಾ ಮೊಳೆ ತೂಗಲು ಬೇರೆಯವರನ್ನು ನೋಡಿಕೊಂಡರು.

ಮೆಟ್ಟಿಲು ಇಳಿಯುವಾಗ ಇರ್ಫಾನನನ್ನು ಕೇಳಿದೆ, "ನಾಗಮ್ಮ ಕಾಕಿ ಮೆಲ್ಲಗ ಅಂದದ್ದು ಅವನಿಗಿ ಹ್ಯಾಂಗ ಗೊತ್ತು? ಕಿವಿ ಮುಚ್ಕೊಂಡಿದ್ನಲ್ಲ?"

"ಅಕ್ಕಾ, ಕಿವಿಗಿ ಹಾಕ್ಕೊಂಡಿದ್ದು ಮುಚ್ಚಾಕಲ್ರೀ, ಕೇಳಾಕ. ನಿಮ್ಮ ಸೆರಗಿನಾಗ ಮೈಕಿತ್ತು. ಆಕಿ ನಿಮ್ಮ ಮುಂದ ಅಂದಿಲ್ಲ, ಸೀದಾ ಇವನ ಕಿವ್ಯಾಗ ಅಂದಾಳ."

ಅಂದರೆ ಅವನು ಮೊದಲಿನಿಂದ ಎಲ್ಲ ಬಲ್ಲ. ಒಣಗದ ಸೀರೆಯನ್ನು ನಂಬಿದವನ ಹಾಗೆ ಅಷ್ಟು ದಿನ ಕಂಪ್ಯೂಟರ್ ಮುಂದೆ ಕೂತಿದ್ದ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಪ್ರೀತಿಯ ವ್ಯವಹಾರವೆಲ್ಲ ಹೀಗೆ ಮಾತಿಲ್ಲದೆ ನಡೆಯುತ್ತದೆ. ಅವನ ಮೊದಲ ಫಿಲ್ಮಿನ ಹಾಗೆ.

ಈಗ ಶರಣು ಕೇಬಲ್ ಚಾನೆಲ್‌ನಲ್ಲಿದ್ದಾನೆ. ಮೊನ್ನೆ ಕೆಂಪು ಬಾಳೆಯ ಸುದ್ದಿ ಮಾಡಲು ಕಮಲಾಪುರಕ್ಕೇ ಬಂದ. ಕ್ಯಾಮೆರಾ ಕಂಡದ್ದೇ ನನ್ನ ಕಾಲು ಟ್ರಂಕಿನ ಕಡೆ ಹೊರಟಿತು. ಹೋಗಲು ಬಿಟ್ಟೆ. ಅಡಿಯಲ್ಲಿದ್ದ ಹಳೆಯ ಹಸಿರು ಸೀರೆ ತೆಗೆದು ಉಟ್ಟು ಬಂದೆ. ನಾಗಮ್ಮ ಕಾಕಿ ಕಟ್ಟೆಯ ಮೇಲಿಂದ, "ಕೆಂಪಂದು ಎಲ್ಲಿ ಹೋತವಾ?" ಎಂದಳು. ಅವಳ ಕೆಲಸ ಅವಳು ಬಿಡುವುದಿಲ್ಲ.

ಶರಣು ಸೆರಗಿಗೆ ಮೈಕು ಸಿಕ್ಕಿಸಿ, ಸೀರೆಯನ್ನು ಒಮ್ಮೆ ನೋಡಿ, ಹುಣಸೆ ಮರದ ಬುಡಕ್ಕೆ ಹೋಗಿ ಕಿವಿಗೆ ಆ ಕರಿಯ ಮುಚ್ಚಳ ಹಾಕಿಕೊಂಡ. ನಾನು ಗೊನೆಯ ಕಡೆ ಬಗ್ಗಿದ ಹಾಗೆ ಮಾಡಿ ಸೆರಗಿಗೆ ಪಿಸುಗುಟ್ಟಿದೆ: "ಶರಣ್ಯಾ, ಆವತ್ತು ಸೀರಿ ತೊಯ್ದಿರಲಿಲ್ಲೋ."

ಅವನು ಕ್ಯಾಮೆರಾದಿಂದ ಮುಖ ಎತ್ತಲಿಲ್ಲ. "ಗೊತ್ತದ ಅಕ್ಕಾ," ಎಂದು ಅಲ್ಲಿಂದಲೇ ಕೂಗಿದ, "ಗೊನಿ ಎತ್ತು."